ವಹಿಯೊಳಗಿನ ಹಸು

ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತಿ ಇಳಿದವರ ಮನೆಯಲ್ಲಿ ಹಳೆಯ ಪುಸ್ತಕಗಳ ಗಂಟೊಂದು ಎಲ್ಲಿಯಾದರೂ ಉಳಿದಿರುತ್ತದೆ. ಗಣಿತದ ವಹಿ ಎಂದೋ ರದ್ದಿಗೆ ಹೋಗಿರುತ್ತದೆ. ವಿಜ್ಞಾನದ ವಹಿಯ ಹಾಳೆಗಳು ತಮ್ಮತಂಗಿಯರ ಕೈಗೆ ಸಿಕ್ಕಿ ಮಳೆಗಾಲದ ದೋಣಿಗಳಾಗಿರುತ್ತವೆ. ಇಂಗ್ಲಿಷ್ ಪ್ರಬಂಧಗಳ ವಹಿ ಮಾತ್ರ ಹೇಗೋ ಉಳಿದುಕೊಂಡಿರುತ್ತದೆ. ಅದನ್ನು ತುಂಬಿಸಲು ಪಟ್ಟ ಪಾಡು ದೊಡ್ಡದಾದುದರಿಂದ ಎಸೆಯಲು ಮನಸ್ಸು ಬಾರದಿರಬಹುದು. ನೋಟುಪುಸ್ತಕಕ್ಕೆ ಬೀದರ ಸೀಮೆಯಲ್ಲಿ ಬಳಕೆಯಲ್ಲಿರುವ ಈ 'ವಹಿ' ಎಂಬ ಮಾತು ನೆರೆಯ ಮರಾಠಿಯಲ್ಲಿಯೂ ಉಂಟು. ಔರಾದ, ಭಾಲ್ಕಿಗಳ ಕಡೆ ಭಾಷೆಗಳು ಒಂದರ ಅಂಗಳದಿಂದ ಇನ್ನೊಂದರ ಅಂಗಳಕ್ಕೆ ಹೀಗೆಯೇ ದಾಟುತ್ತವೆ.

ಠಾಣಾ ಕುಶನೂರಿನಂತಹ ಊರಿನಲ್ಲಿ ಒಂಬತ್ತನೆಯ ತರಗತಿಯನ್ನು ಓದಿ, ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಆ ವಹಿಯನ್ನು ಮತ್ತೆ ತೆರೆದವನಿಗೆ ಮೊದಲು ಕಾಣುವುದು ದುಂಡಗಿನ ಅಕ್ಷರ, ಅಂಚಿನಲ್ಲಿ ಎಳೆದ ಗೆರೆ, ಮೂಲೆಯಲ್ಲಿ ತಾರೀಖು, ಕೆಳಗೆ ಕೆಂಪು ಶಾಯಿಯಲ್ಲಿ ಗುರುಗಳು ಹಾಕಿದ 'ಸೀನ್' ಎಂಬ ಒಂದೇ ಪದ. ಮೊದಲ ಪ್ರಬಂಧವು ಬಹುಮಟ್ಟಿಗೆ ಹಸುವಿನ ಮೇಲಿನದೇ ಆಗಿರುತ್ತದೆ. ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಅದು ಹುಲ್ಲು ತಿನ್ನುತ್ತದೆ. ಅದು ಹಾಲು ಕೊಡುತ್ತದೆ. ಹಾಲು ಆರೋಗ್ಯಕ್ಕೆ ಒಳ್ಳೆಯದು. ಇಂಗ್ಲಿಷಿನಲ್ಲಿ ಬರೆದ ಈ ವಾಕ್ಯಗಳಲ್ಲಿ ತಪ್ಪೆಂಬುದು ಒಂದೂ ಇಲ್ಲ. ಹಸುವೂ ಇಲ್ಲ. ಭೂಮಿಯ ಮೇಲೆ ಇದುವರೆಗೆ ಬದುಕಿದ ಯಾವ ಹಸುವಿಗಾದರೂ ಈ ಪ್ರಬಂಧವು ಒಪ್ಪುತ್ತದೆ. ಎಲ್ಲ ಹಸುಗಳಿಗೂ ಒಪ್ಪುವ ಪ್ರಬಂಧದಲ್ಲಿ ಒಂದು ಹಸುವೂ ಮುಖ ತೋರದಿರುವುದು ಸಹಜ.

ಈ ಪ್ರಬಂಧವನ್ನು ಬರೆಯುತ್ತಿದ್ದ ಹುಡುಗನ ಬೆನ್ನ ಹಿಂದೆ, ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಿದ್ದುದು ದೇವಣಿ ಹಸು. ದೇವಣಿ ಎಂಬುದು ಇಂದಿನ ಲಾತೂರು ಜಿಲ್ಲೆಯಲ್ಲಿರುವ ಊರು. 1956ರವರೆಗೆ ಉದಗೀರ ತಾಲ್ಲೂಕು ಬೀದರ ಜಿಲ್ಲೆಯಲ್ಲಿಯೇ ಇದ್ದುದರಿಂದ ದೇವಣಿಯೂ ಬೀದರದ ಊರೇ ಆಗಿತ್ತು. ಗಡಿಗೆರೆಯು ಊರನ್ನು ಆಚೆಗೆ ಸರಿಸಿತೇ ಹೊರತು ದನಗಳನ್ನು ಸರಿಸಲಿಲ್ಲ. ಹಾಲಿಗೂ ದುಡಿಮೆಗೂ ಒದಗುವ ಈ ತಳಿಯಲ್ಲಿ ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ಹೆಸರುಗಳುಂಟು. ಮೈಯೆಲ್ಲ ಬಹುತೇಕ ಬೆಳ್ಳಗಿದ್ದರೆ ಬಾಳಂಕ್ಯಾ. ಬಿಳಿಯ ಮೈಯ ಮೇಲೆ ಕರಿಯ ಮಚ್ಚೆಗಳು ಹರಡಿಕೊಂಡಿದ್ದರೆ ಶೇವೇರಾ. ಮೈ ಬಿಳಿದಾಗಿ ಮುಖದ ಎರಡು ಪಕ್ಕಗಳು ಕಪ್ಪಾಗಿದ್ದರೆ ವಾನೇರಾ. ಹದಿನಾಲ್ಕು ವರ್ಷದ ರೈತರ ಮಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂತೆಯಲ್ಲಿ ನಿಂತ ದನವನ್ನು ದೂರದಿಂದಲೇ ನೋಡಿ ಅವನು ಹೆಸರು ಹೇಳಬಲ್ಲ. ಅದರ ಹಲ್ಲು ನೋಡಿ ವಯಸ್ಸು ಹೇಳಬಲ್ಲ. ಕರುವನ್ನು ಬಿಡದೆ ಹಾಲು ಕರೆಯಲು ಹೋದರೆ ಏನಾಗುವುದೆಂದು ಬಲ್ಲ. ಪಶುವೈದ್ಯ ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯುವ ಎಷ್ಟೋ ಸಂಗತಿಗಳು ಅವನಿಗೆ ಮೊದಲೇ ಗೊತ್ತು. ಕರ್ನಾಟಕದ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಬೀದರದಲ್ಲಿಯೇ ಇದೆಯೆಂಬುದನ್ನು ಇಲ್ಲಿ ನೆನೆಯಬಹುದು. ಇಷ್ಟೆಲ್ಲ ತಿಳಿದ ಹುಡುಗನು ವಹಿಯ ಮುಂದೆ ಕುಳಿತೊಡನೆ ತಿಳಿದುದೆಲ್ಲವನ್ನೂ ಕೊಟ್ಟಿಗೆಯಲ್ಲಿಯೇ ಬಿಟ್ಟು ಬಂದು, ಹಸುವಿಗೆ ನಾಲ್ಕು ಕಾಲೆಂದು ಬರೆದನು.

ಪುಟ ತಿರುಗಿಸಿದರೆ 'ನನ್ನ ತಂದೆ' ಎಂಬ ಪ್ರಬಂಧ. ಆ ತಂದೆ ಬೆಳಿಗ್ಗೆ ವೃತ್ತಪತ್ರಿಕೆ ಓದುತ್ತಾರೆ. ಹತ್ತು ಗಂಟೆಗೆ ಕಚೇರಿಗೆ ಹೋಗುತ್ತಾರೆ. ಸಂಜೆ ಮಕ್ಕಳಿಗೆ ಹಣ್ಣು ತರುತ್ತಾರೆ. ಮುಂದಿನ ಪುಟದ 'ನನ್ನ ಮನೆ' ಎಂಬ ಪ್ರಬಂಧದಲ್ಲಿ ಅತಿಥಿಗಳನ್ನು ಕೂರಿಸುವ ಕೋಣೆಯಿದೆ, ಹೂದೋಟವಿದೆ, ಬಾಗಿಲಲ್ಲಿ ಒಂದು ಸಾಕುನಾಯಿಯೂ ಇದೆ. ಬರೆದವನ ನಿಜವಾದ ತಂದೆಗೆ ಕಚೇರಿಯೇ ಇರಲಿಲ್ಲ. ಅವನು ಎರೆಹೊಲದಲ್ಲಿ ತೊಗರಿ, ಜೋಳ ಬೆಳೆದು, ಮಳೆ ಕೈಕೊಟ್ಟ ವರ್ಷ ಕೂಲಿಗೆ ಹೈದರಾಬಾದಿನ ದಾರಿ ಹಿಡಿದವನಾಗಿರಬಹುದು. ಮನೆಯು ಮಣ್ಣಿನ ಮಾಳಿಗೆಯದಾಗಿದ್ದು, ಬಂದವರು ಕಟ್ಟೆಯ ಮೇಲೆ ಕೂರುತ್ತಿದ್ದಿರಬಹುದು. ಆ ತಂದೆಯು ಮಗನ ಶುಲ್ಕಕ್ಕೆ, ವಹಿಗೆ, ಶಾಯಿಗೆ ದುಡ್ಡು ಹೊಂದಿಸಿದನು. ಆ ವಹಿಯಲ್ಲಿ ಮಗನು ಬೇರೊಬ್ಬ ತಂದೆಯನ್ನು ಬರೆದಿಟ್ಟನು. ಓದಲು ಬಾರದ ತಂದೆಗೆ ಇದು ಎಂದಿಗೂ ತಿಳಿಯಲಿಲ್ಲವೆಂಬುದೊಂದೇ ಸಮಾಧಾನ. ಆದರೆ ಮಗನಿಗೆ ತಿಳಿಯಿತು. ತನ್ನ ತಂದೆ, ತನ್ನ ಮನೆ, ತನ್ನ ಊರು ಇಂಗ್ಲಿಷಿನಲ್ಲಿ ಬರೆಯಲು ತಕ್ಕವಲ್ಲ ಎಂಬ ಪಾಠವನ್ನು ಅವನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಅವನು ವ್ಯಾಕರಣಕ್ಕಿಂತ ಚೆನ್ನಾಗಿ ಅದನ್ನೇ ಕಲಿತನು.

ಇದಕ್ಕಿಂತ ವಿಚಿತ್ರವಾದುದು ರಜೆಯ ಅರ್ಜಿ. ಪ್ರಬಂಧದ ಜೊತೆಗೆ ಪತ್ರಲೇಖನವೂ ಇಂಗ್ಲಿಷ್ ಪಾಠದ ಭಾಗ. ಗೈಡಿನಲ್ಲಿದ್ದ ಮಾದರಿ ಅರ್ಜಿಯ ವಿದ್ಯಾರ್ಥಿಗೆ ಜ್ವರ ಬಂದಿತ್ತು. ಆದುದರಿಂದ ಶಾಲೆಯ ಎಲ್ಲ ಮಕ್ಕಳಿಗೂ ಜ್ವರವೇ ಬರತೊಡಗಿತು. ಆಗಸ್ಟ್ ಸೆಪ್ಟೆಂಬರ್ ತಿಂಗಳಲ್ಲಿ ಈ ಸೀಮೆಯ ಹೊಲಗಳಲ್ಲಿ ಹೆಸರು ಒಣಗಿ ನಿಲ್ಲುತ್ತದೆ. ಒಂದು ಮಳೆ ಬಿದ್ದರೆ ಕಾಯಿ ಕೆಟ್ಟು ವರ್ಷದ ಆಸೆಯೇ ಹೋಗುತ್ತದೆ. ಮನೆಮಂದಿಯೆಲ್ಲ ಹೊಲಕ್ಕಿಳಿದು ಕಾಯಿ ಬಿಡಿಸಬೇಕಾಗುತ್ತದೆ. ಅವ್ವನ ಜೊತೆಗೆ ಮೂರು ದಿನ ಬೆನ್ನು ಬಗ್ಗಿಸಿ ಹೆಸರು ಬಿಡಿಸಿದ ಹುಡುಗಿ ನಾಲ್ಕನೆಯ ದಿನ ಶಾಲೆಗೆ ಬಂದು, ತಾನು ಜ್ವರದಿಂದ ನರಳುತ್ತಿದ್ದೆನೆಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಸುಳ್ಳು ಹೇಳುವ ಆಸೆ ಆಕೆಗೆ ಇರಲಿಲ್ಲ. ಹೆಸರು ಬಿಡಿಸುವುದನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕೆಂಬುದು ಗೈಡಿನಲ್ಲಿ ಇರಲಿಲ್ಲ, ಅಷ್ಟೆ. ಗುರುಗಳಿಗೂ ನಿಜ ಗೊತ್ತಿತ್ತು. ಅವರೂ ರುಜು ಹಾಕಿದರು. ಮನೆಯ ದುಡಿಮೆಗೆ ಹೆಗಲು ಕೊಟ್ಟ ಮಗಳು ಕಾಗದದ ಮೇಲೆ ರೋಗಿಯಾದಳು. ಒಂದು ಸಣ್ಣ ಅರ್ಜಿಯಲ್ಲಿ ಇಷ್ಟು ದೊಡ್ಡ ಅದಲುಬದಲು ನಡೆದುಹೋಯಿತೆಂಬುದನ್ನು ಯಾರೂ ಗಮನಿಸಲಿಲ್ಲ.

ತಪ್ಪು ಯಾರದು? ಗುರುಗಳದೆಂದು ಹೇಳಿಬಿಡುವುದು ಸುಲಭ, ಅದು ನ್ಯಾಯವಲ್ಲ. ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು. ಪ್ರತಿಯೊಬ್ಬರದೂ ಒಂದೊಂದು ವಹಿ. ಎಲ್ಲರೂ ಸ್ವಂತ ಮಾತಿನಲ್ಲಿ ಬರೆದರೆ ಒಂದು ವಹಿಯನ್ನು ತಿದ್ದಲು ಅರ್ಧ ಗಂಟೆ ಬೇಕು. ಮುಂದಿನ ವರ್ಷ ಸಾರ್ವಜನಿಕ ಪರೀಕ್ಷೆ. ಅದರಲ್ಲಿ ಇಂಗ್ಲಿಷ್ ಒಂದರಲ್ಲಿ ಜಾರಿದರೆ ಹುಡುಗ ಹೊಲಕ್ಕೆ, ಹುಡುಗಿ ಮದುವೆಗೆ ಎಂಬುದು ಹಳ್ಳಿಯ ಗುರುಗಳಿಗೆ ಚೆನ್ನಾಗಿ ಗೊತ್ತು. ಐದನೆಯ ತರಗತಿಯಲ್ಲಿ ಅಕ್ಷರ ತಿದ್ದಿಸಿ, ಹತ್ತನೆಯ ತರಗತಿಯಲ್ಲಿ ಪ್ರಬಂಧ ಬರೆಸಬೇಕೆಂಬ ಕಾಲದಲ್ಲಿ ಅವರು ಗೈಡನ್ನು ಏಣಿಯಂತೆ ಬಳಸಿದರು. ಆ ಏಣಿಯನ್ನು ಹತ್ತಿ ಪಾಸಾದವರು ನೌಕರಿ ಹಿಡಿದಿದ್ದಾರೆ, ತಮ್ಮ ಮಕ್ಕಳನ್ನು ಓದಿಸಿದ್ದಾರೆ. ಏಣಿಯನ್ನು ಈಗ ಹಳಿಯುವುದು ಮೇಲೆ ಹತ್ತಿದವರಿಗೆ ಶೋಭಿಸುವ ಮಾತಲ್ಲ.

ಬಾಯಿಪಾಠವೂ ಹಾಸ್ಯಕ್ಕೆ ತಕ್ಕ ವಸ್ತುವಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡದೆ ಲೆಕ್ಕ ಬರುವುದಿಲ್ಲ. ವಚನ, ತತ್ತ್ವಪದಗಳು ಅಕ್ಷರ ಬಾರದವರ ಬಾಯಲ್ಲಿ ಉಳಿದು ಬಂದುದೂ ಇದೇ ಶಕ್ತಿಯಿಂದ. ಪರಭಾಷೆಯ ಹತ್ತು ವಾಕ್ಯಗಳನ್ನು ನಾಲಿಗೆಗೆ ಹತ್ತಿಸಿಕೊಂಡವನಿಗೆ ಆ ಭಾಷೆಯ ಪದಗಳು ಯಾವ ಕ್ರಮದಲ್ಲಿ ನಿಲ್ಲುತ್ತವೆಂಬ ಅರಿವು ತಾನಾಗಿ ಬರುತ್ತದೆ. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಗೈಡಿನ ಹತ್ತು ವಾಕ್ಯ ಬಂದ ಮೇಲೆ ಹನ್ನೊಂದನೆಯ ವಾಕ್ಯವೊಂದನ್ನು ಸ್ವಂತವಾಗಿ ಬರೆಯಬೇಕಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ.

ಪರಭಾಷೆಯಲ್ಲಿ ಬರೆವಣಿಗೆ ಕಲಿಯುವುದು ಬೀದರಕ್ಕೆ ಹೊಸ ಸಂಗತಿಯೇನಲ್ಲ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನೀ ರಾಜ್ಯದ ಮಂತ್ರಿಯಾದ ಮಹಮೂದ್ ಗಾವಾನನು 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮದರಸಾದ ಅವಶೇಷವನ್ನು ಇಂದಿಗೂ ನೋಡಬಹುದು. ಆತನು ಕಟ್ಟಡವನ್ನು ಕಟ್ಟಿಸಿದವನಷ್ಟೇ ಅಲ್ಲ, ಪತ್ರ ಮತ್ತು ಗದ್ಯರಚನೆಯ ಕಲೆಯನ್ನು ಕುರಿತು 'ಮನಾಜಿರ್-ಉಲ್-ಇನ್ಶಾ' ಎಂಬ ಫಾರಸಿ ಗ್ರಂಥವನ್ನು ಬರೆದವನು. ಆತನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಶಾ'. ಇನ್ಶಾ ಎಂದರೆ ರಚನೆ, ಬರೆವಣಿಗೆ. ಸುಮಾರು ಐದೂವರೆ ಶತಮಾನಗಳ ಹಿಂದೆಯೇ ಬೀದರದಲ್ಲಿ ಬರೆವಣಿಗೆಗೆ ಮಾದರಿ ಪತ್ರಗಳಿದ್ದವು! ಆದರೆ ಗಾವಾನನಿಗೆ ಫಾರಸಿ ತೊಟ್ಟಿಲ ಭಾಷೆ. ತನ್ನ ಮಾತನ್ನು ಅವನು ತನ್ನ ಭಾಷೆಯಲ್ಲಿಯೇ ಬರೆದನು. ಇತರರು ಅದನ್ನು ಮಾದರಿಯೆಂದು ನಕಲು ಮಾಡುವಾಗ ಮಾತು ಬೇರೆಯಾಗುತ್ತದೆ.

ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ, ಗಾವಾನನಿಗಿಂತಲೂ ಮೂರು ಶತಮಾನ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ ನಡೆದ ಕೆಲಸವು ಇದಕ್ಕೆ ತೀರ ಭಿನ್ನವಾದುದು. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ತಮ್ಮ ಕಾಯಕದ ಮಾತಿನಲ್ಲಿ ಜಗತ್ತಿನ ದೊಡ್ಡ ಪ್ರಶ್ನೆಗಳನ್ನು ಎತ್ತಿದರು. ದೋಣಿ, ಹಗ್ಗ, ಅಕ್ಕಿಗಳು ಬರೆವಣಿಗೆಗೆ ತಕ್ಕ ವಸ್ತುಗಳೇ ಎಂದು ಅವರು ಯಾವ ಮಾದರಿಯನ್ನೂ ಕೇಳಲಿಲ್ಲ. ಇಂಗ್ಲಿಷ್ ತರಗತಿಯ ಮಗುವಿನಿಂದ ವಚನವನ್ನು ನಿರೀಕ್ಷಿಸಬೇಕೆಂದಲ್ಲ. ತನ್ನ ಕಸುಬು ತನ್ನ ಬರೆವಣಿಗೆಗೆ ಅವಮಾನವಲ್ಲವೆಂಬ ಧೈರ್ಯವು ಈ ಮಣ್ಣಿನಲ್ಲಿ ಎಂಟು ನೂರು ವರ್ಷಗಳ ಹಿಂದೆಯೇ ಇತ್ತೆಂಬುದಷ್ಟೇ ಇಲ್ಲಿಯ ಮಾತು.

ಇಂಗ್ಲಿಷ್ ಈ ಸೀಮೆಗೆ ಬಂದ ದಾರಿಯೂ ಮೈಸೂರು, ಧಾರವಾಡಗಳ ದಾರಿಯಲ್ಲ. ಬೀದರವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಡಳಿತದ ಭಾಷೆ ಮೊದಲು ಫಾರಸಿ, ಅನಂತರ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮ ಉರ್ದು; ಇಂಗ್ಲಿಷ್ ಕಡ್ಡಾಯವಾಗಿ ಕಲಿಯಬೇಕಾದ ಭಾಷೆ. ಕನ್ನಡದ ಮಗುವು ಪ್ರಬಂಧಕ್ಕೆ 'ಮಜಮೂನ್' ಎನ್ನುತ್ತಿದ್ದ ಕಾಲವದು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಕನ್ನಡ ಶಾಲೆಗಾಗಿ ಮಾಡಿದ ಸಾಹಸವು ಈ ಸೀಮೆಯಲ್ಲಿ ಮನೆಮಾತಾಗಿದೆ. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ತಮ್ಮ ನುಡಿಯನ್ನು ಕಲಿಯಲು ಮಕ್ಕಳು ಬೇರೊಂದು ನುಡಿಯ ಮರೆಯಲ್ಲಿ ಕೂರಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಹೊರಗಿನ ಫಲಕವೂ ಕನ್ನಡವಾಯಿತು. ಪಟ್ಟದ್ದೇವರ ಶಾಲೆಯ ಕಥೆಯನ್ನು ಇಂಗ್ಲಿಷ್ ವಹಿಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಹೊಳೆಯುತ್ತದೆ. ಅಲ್ಲಿ ಹೊರಗೆ ಪರಭಾಷೆಯಿದ್ದರೂ ಒಳಗೆ ಸ್ವಂತದ್ದಿತ್ತು. ಇಂಗ್ಲಿಷ್ ವಹಿಯಲ್ಲಿ ಹೊರಗೂ ಪರರದು, ಒಳಗೂ ಪರರದು.

ಠಾಣಾ ಕುಶನೂರಿನ ಕಡೆಯ ಮಗುವಿಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ ಉರ್ದು, ತಾಂಡಾದ ಗೆಳೆಯನಿಂದ ಲಂಬಾಣಿ, ಕೂಲಿಗೆ ಹೋಗಿಬಂದ ಕಾಕಾನಿಂದ ನಾಲ್ಕು ತೆಲುಗು ಮಾತು. ಇವುಗಳಲ್ಲಿ ಯಾವುದನ್ನೂ ಅದು ಗೈಡಿನಿಂದ ಕಲಿಯಲಿಲ್ಲ. ಬೇಕಾದುದನ್ನು ಕೇಳಿ, ಬೈಸಿಕೊಂಡು, ನಕ್ಕು, ತಪ್ಪು ಮಾತಾಡಿ ಕಲಿಯಿತು. ಎಮ್ಮೆಯ ಬೆಲೆಯನ್ನು ಮರಾಠಿಯಲ್ಲಿ ಚೌಕಾಶಿ ಮಾಡುವಾಗ ಲಿಂಗ ವಚನಗಳು ತಪ್ಪಿದರೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ಎಮ್ಮೆಯೇನೋ ಮನೆಗೆ ಬರುತ್ತದೆ. ಐದು ಭಾಷೆಗಳನ್ನು ಹೀಗೆ ಗೆದ್ದ ಮಗುವು ಆರನೆಯದಾದ ಇಂಗ್ಲಿಷಿನ ಮುಂದೆ ಮಾತ್ರ ನಡುಗುವುದಕ್ಕೆ ಕಾರಣ ಆ ಭಾಷೆಯ ಕಷ್ಟವೊಂದೇ ಅಲ್ಲ. ಆ ಭಾಷೆಯಲ್ಲಿ ಅದಕ್ಕೆ ಹೇಳಬೇಕಾದುದು ಏನೂ ಇರಲಿಲ್ಲ. ಹೇಳಬೇಕಾದುದನ್ನೆಲ್ಲ ಗೈಡು ಮೊದಲೇ ಹೇಳಿಬಿಟ್ಟಿತ್ತು.

ಇಂಗ್ಲಿಷ್ ಪಾಠದ ಈ ಅವಸ್ಥೆಯನ್ನು ಬಹಳ ಹಿಂದೆಯೇ ಕಂಡವರು ರವೀಂದ್ರನಾಥ ಠಾಕೂರರು. 1892ರಲ್ಲಿ ಬಂಗಾಳಿಯಲ್ಲಿ ಬರೆದ 'ಶಿಕ್ಷಾರ್ ಹೇರ್‌ಫೇರ್' ಎಂಬ ಪ್ರಬಂಧದಲ್ಲಿ ಅವರು ಎರಡು ಉದಾಹರಣೆಗಳನ್ನು ಕೊಡುತ್ತಾರೆ. ಕುದುರೆಯು ಘನವಾದ ಪ್ರಾಣಿ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಬಂಗಾಳಿಗೆ ತರಹೋದ ಗುರುಗಳು ಅತ್ತ ಇಂಗ್ಲಿಷೂ ಇಲ್ಲ, ಇತ್ತ ಬಂಗಾಳಿಯೂ ಇಲ್ಲವೆಂಬ ಸ್ಥಿತಿಗೆ ಸಿಕ್ಕಿಕೊಳ್ಳುವುದು ಒಂದು. ಇಂಗ್ಲೆಂಡಿನ ಮಕ್ಕಳಿಗಾಗಿ ಬರೆದ ವಾಚಕದಲ್ಲಿ ಹುಲ್ಲು ಒಣಗಿಸುವ ಸಂಭ್ರಮ, ಮಂಜಿನ ಉಂಡೆಗಳನ್ನು ಎಸೆದಾಡುವ ಆಟ ಮೊದಲಾದುವನ್ನು ಓದುವ ಬಂಗಾಳದ ಮಗುವಿನ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡದಿರುವುದು ಇನ್ನೊಂದು. ಮಂಜಿನ ಉಂಡೆಗಳು ಅನಂತರದ ಪುಸ್ತಕಗಳಿಂದ ಕರಗಿಹೋದವು. ಅವುಗಳ ಜಾಗಕ್ಕೆ ಕಚೇರಿಗೆ ಹೋಗುವ ತಂದೆ, ಹೂದೋಟದ ಮನೆ ಬಂದು ಕುಳಿತುವು. ಔರಾದ ಸೀಮೆಯ ಮಗುವಿಗೆ ಇವೆರಡರ ನಡುವಿನ ಅಂತರ ಬಹಳ ದೊಡ್ಡದೇನಲ್ಲ.

ಇಂತಹ ಮಾತು ಬಂದಾಗಲೆಲ್ಲ ಕುವೆಂಪು ಅವರ ಸಂಗತಿಯನ್ನು ಹೇಳುವುದುಂಟು. ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಸಂಕಲನವೂ ಬಂದಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದರು. ಕನ್ನಡಕ್ಕೆ ಅದರಿಂದಾದ ಲಾಭವು ಎಲ್ಲರಿಗೂ ತಿಳಿದುದೇ. ಆದರೆ ಈ ಸಂಗತಿಯನ್ನು ಇಂಗ್ಲಿಷ್ ಬೇಡವೆಂಬುದಕ್ಕೆ ಸಾಕ್ಷಿಯಾಗಿ ತರುವವರು ಅರ್ಧವನ್ನು ಮಾತ್ರ ಹೇಳುತ್ತಾರೆ. ಕುವೆಂಪು ಇಂಗ್ಲಿಷ್ ಕಾವ್ಯವನ್ನು ಓದುವುದನ್ನು ಬಿಡಲಿಲ್ಲ; ಅದರಿಂದ ಪಡೆದುದನ್ನು ಮಲೆನಾಡಿನ ಕಾಡಿಗೆ ತಂದರು. ಕವಿತೆಯ ಮಾತೂ ಬೇರೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಕವಿಯಾಗಬೇಕಾಗಿಲ್ಲ. ಕಂಡುದನ್ನು ಕಂಡಂತೆ ಹೇಳಲು ಬಂದರೆ ಸಾಕು.

ಹಾಗೆ ಹೇಳಲು ಸಾಧ್ಯವೇ ಎಂದು ಕೇಳುವವರಿಗೆ ರಾಜಾ ರಾವ್ ಅವರ ಉದಾಹರಣೆಯಿದೆ. ಹಾಸನದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ಓದಿದ ಅವರು 1938ರಲ್ಲಿ 'ಕಾಂತಾಪುರ' ಎಂಬ ಇಂಗ್ಲಿಷ್ ಕಾದಂಬರಿಯನ್ನು ಪ್ರಕಟಿಸಿದರು. ಅದು ಕನ್ನಡ ನಾಡಿನ ಹಳ್ಳಿಯೊಂದರ ಕಥೆ. ಹೇಳುವವಳು ಆ ಹಳ್ಳಿಯ ಒಬ್ಬ ಅಜ್ಜಿ. ತನ್ನದಲ್ಲದ ಭಾಷೆಯಲ್ಲಿ ತನ್ನದೇ ಆದ ಚೇತನವನ್ನು ತರುವುದು ಎಷ್ಟು ಕಷ್ಟವೆಂಬುದನ್ನು ಅವರು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡು, ಅಜ್ಜಿಯ ಉಸಿರಿನ ಓಟವನ್ನೇ ಇಂಗ್ಲಿಷ್ ವಾಕ್ಯಗಳಿಗೆ ಕೊಟ್ಟಿದ್ದಾರೆ. ಇಂಗ್ಲಿಷ್ ಅದರಿಂದ ಕೆಡಲಿಲ್ಲ.

ಪ್ರಬಂಧಕ್ಕೆ ಇಂಗ್ಲಿಷಿನಲ್ಲಿರುವ 'ಎಸ್ಸೆ' ಎಂಬ ಹೆಸರು ಫ್ರಾನ್ಸಿನ ಮೊಂತೇನ್ ಎಂಬ ಲೇಖಕನಿಂದ ಬಂದುದು. 1580ರಲ್ಲಿ ತನ್ನ ಬರಹಗಳನ್ನು ಪ್ರಕಟಿಸುವಾಗ ಅವನು ಅವಕ್ಕೆ 'ಯತ್ನಗಳು' ಎಂಬರ್ಥದ ಹೆಸರನ್ನಿಟ್ಟನು. ತನ್ನ ನೆನಪು, ತನ್ನ ಕಾಯಿಲೆ, ತನ್ನ ಬೆಕ್ಕು, ಹೀಗೆ ಯಾವುದನ್ನು ಕುರಿತೂ ತಡಕಾಡುತ್ತ ಯೋಚಿಸುವುದು ಅವನ ರೀತಿ. ಸಂಸ್ಕೃತದಿಂದ ಬಂದ 'ಪ್ರಬಂಧ' ಎಂಬ ಪದಕ್ಕೆ ಚೆನ್ನಾಗಿ ಕಟ್ಟಿದುದು ಎಂದು ಅರ್ಥ. ಯತ್ನವೂ ಬೇಕು, ಕಟ್ಟೂ ಬೇಕು. ಶಾಲೆಯ ವಹಿಯಲ್ಲಿ ಕಟ್ಟು ಮಾತ್ರ ಉಳಿದು, ಯತ್ನವು ಜಾರಿಹೋಯಿತು.

ಆದರೂ ಹಳೆಯ ವಹಿಗಳಲ್ಲಿ ಕೆಲವೊಮ್ಮೆ ಒಂದು ಸಾಲು ಕಣ್ಣಿಗೆ ಬೀಳುತ್ತದೆ. ಗೈಡಿನ ವಾಕ್ಯ ಮರೆತುಹೋಗಿ, ಪುಟ ತುಂಬಬೇಕೆಂಬ ಅವಸರದಲ್ಲಿ ಹುಡುಗನು ಸ್ವಂತವಾಗಿ ಬರೆದ ಸಾಲದು. 'ಅವರ್ ಕೌ ನಾಟ್ ಗಿವ್ ಮಿಲ್ಕ್ ಟು ನ್ಯೂ ಮ್ಯಾನ್' ಎಂದು ಅವನು ಬರೆದನೆನ್ನೋಣ. ತಮ್ಮ ಹಸು ಹೊಸಬರಿಗೆ ಹಾಲು ಕೊಡುವುದಿಲ್ಲವೆಂದು ಅವನ ಅಭಿಪ್ರಾಯ. ಈ ಸಾಲಿನ ಮೇಲೆ ಕೆಂಪು ಗೆರೆ ಬಿದ್ದೇ ಬೀಳುತ್ತದೆ, ಬೀಳಬೇಕಾದುದೂ ಸರಿ. 'ನಾಟ್' ಎಂಬುದರ ಹಿಂದೆ 'ಡಸ್' ಎಂಬ ಪದವನ್ನು ಸೇರಿಸಿ, 'ನ್ಯೂ ಮ್ಯಾನ್' ಎಂಬುದನ್ನು 'ಸ್ಟ್ರೇಂಜರ್ಸ್' ಎಂದು ತಿದ್ದಿದರೆ ಮುಗಿಯಿತು. ಒಂದು ನಿಮಿಷದ ಕೆಲಸ. ಆದರೆ ಆ ಪುಟದಲ್ಲಿ ಹಸುವೆಂಬುದು ಇರುವುದು ಆ ಸಾಲಿನಲ್ಲಿ ಮಾತ್ರ. ಅವ್ವನ ಕೈಯ ಪರಿಚಯವಿರುವ, ಬೇರೆಯವರು ಬಂದರೆ ಕಾಲು ಝಾಡಿಸುವ, ಒಂದು ಸ್ವಭಾವವಿರುವ ಹಸು ಅದು. ತಪ್ಪಿಲ್ಲದ ಹತ್ತು ಸಾಲುಗಳನ್ನು ತಿದ್ದಿ ಆ ಹಸುವನ್ನು ತರುವುದು ಯಾವ ಗುರುಗಳಿಂದಲೂ ಆಗದು. ವ್ಯಾಕರಣದ ತಪ್ಪಿಗೆ ಅಂಕ ಕಳೆಯುವ ಪದ್ಧತಿ ಇರಲಿ. ಇಂತಹ ಸಾಲಿಗೆ ಎರಡು ಅಂಕ ಕೂಡಿಸುವ ಪದ್ಧತಿಯೂ ಇದ್ದಿದ್ದರೆ ಎಷ್ಟೋ ವಹಿಗಳು ಬೇರೆಯಾಗಿರುತ್ತಿದ್ದುವು.

ಕಾಲವು ಈಗ ಬದಲಾಗಿದೆ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸಲಾಗುತ್ತಿದೆ. ಪಠ್ಯಪುಸ್ತಕಗಳೂ ಹಳ್ಳಿಯ ಕಡೆಗೆ ಸ್ವಲ್ಪ ಮುಖ ತಿರುಗಿಸಿವೆ. ಗೈಡಿನ ಜಾಗಕ್ಕೆ ಅಂಗೈಯಲ್ಲಿ ಹಿಡಿಯುವ ಫೋನು ಬಂದಿದೆ. ಹಸುವಿನ ಮೇಲೆ ಪ್ರಬಂಧ ಬೇಕೆಂದರೆ ಅದು ಕ್ಷಣದಲ್ಲಿ ಬರೆದುಕೊಡುತ್ತದೆ. ಗೈಡಿಗಿಂತ ಸೊಗಸಾದ ಇಂಗ್ಲಿಷಿನಲ್ಲಿ, ಬೇಕಾದರೆ ದೇವಣಿ ತಳಿಯ ವಿವರಗಳನ್ನೂ ಸೇರಿಸಿ. ಗೈಡನ್ನು ನಕಲು ಮಾಡಲು ಕೈಯಾದರೂ ನೋಯುತ್ತಿತ್ತು. ಈಗ ಆ ನೋವೂ ತಪ್ಪಿದೆ. ಆದರೆ ತಮ್ಮ ಕೊಟ್ಟಿಗೆಯ ಹಸು ಯಾರಿಗೆ ಹಾಲು ಕೊಡುವುದಿಲ್ಲವೆಂಬುದನ್ನು ಫೋನಿಗೆ ಯಾರಾದರೂ ಹೇಳಿಕೊಡಬೇಕು. ಹೇಳಿಕೊಡಬಲ್ಲವನು ಆ ಹುಡುಗನೊಬ್ಬನೇ. ಅಷ್ಟನ್ನು ಹೇಳಬಲ್ಲವನು ತಾನೇ ಬರೆಯಲೂ ಬಲ್ಲ.

ಮಾರ್ಗಶಿರ ಮಾಸದ ಕೊನೆಯಲ್ಲಿ ಬರುವ ಎಳ್ಳ ಅಮಾವಾಸ್ಯೆ ಬೀದರ ಸೀಮೆಯ ದೊಡ್ಡ ಹಬ್ಬ. ಅಂದು ಊರುಗಳು ಬರಿದಾಗುತ್ತವೆ. ಮುತ್ಯಾನಿಂದ ಹಿಡಿದು ಎಳೆಗೂಸಿನವರೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಹಸುರು ಜೋಳದ ನಡುವೆ ಪೂಜೆ ಮಾಡಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಊಟ ಮಾಡುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆದೊಯ್ಯುತ್ತಾರೆ. ಹಸಿಯ ಕಾಳು, ಸೊಪ್ಪು, ಕಾಯಿಪಲ್ಲೆಗಳನ್ನೆಲ್ಲ ಒಟ್ಟಿಗೆ ಬೇಯಿಸಿದ ಭಜ್ಜಿ ಅಂದಿನ ವಿಶೇಷ. ಜೊತೆಗೆ ಕಡುಬು, ಅಂಬಲಿ. ಈ ಹಬ್ಬದ ಮೇಲೆ ಗೈಡಿನಲ್ಲಿ ಪ್ರಬಂಧವಿರಲಿಲ್ಲ; ಹಬ್ಬವೆಂದರೆ ದೀಪಾವಳಿ, ಪಟಾಕಿ. ಭಜ್ಜಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದರೆ, ಭಜ್ಜಿ ಎಂದೇ ಬರೆಯಮ್ಮ ಎಂದು ಗುರುಗಳು ಹೇಳಬಹುದು. ಕರಿ, ಮ್ಯಾಂಗೊ, ಕಟಮರನ್ ಎಂಬ ಪದಗಳು ದಕ್ಷಿಣ ಭಾರತದ ಭಾಷೆಗಳಿಂದ ಇಂಗ್ಲಿಷಿಗೆ ಹೋದುದು ಯಾರೋ ಹಾಗೆ ಬರೆದುದರಿಂದಲೇ. ಎಣ್ಣೆಯಲ್ಲಿ ಕರಿದ ಭಜಿಯೆಂದು ಓದುಗರು ತಪ್ಪು ತಿಳಿಯದಂತೆ ಅವಳು ಇನ್ನೊಂದು ವಾಕ್ಯವನ್ನು ಸೇರಿಸಬೇಕಾದೀತು. ಯಾವ ಯಾವ ಕಾಳು ಬಿದ್ದಿತ್ತು, ಎಷ್ಟು ಹೊತ್ತು ಬೆಂದಿತು, ಹೊಗೆ ಯಾರ ಕಣ್ಣಿಗೆ ಹೋಯಿತು, ಪಕ್ಕದ ಹೊಲದವರು ಕರೆದಾಗ ಎರಡನೆಯ ಸಲ ಯಾರು ಯಾರು ಉಂಡರು ಎಂದು ಬರೆಯತೊಡಗಿದರೆ ಅರ್ಧ ಪುಟ ತುಂಬುತ್ತದೆ. ಮಿಕ್ಕ ಅರ್ಧ ಪುಟದಲ್ಲಿ ಸಂಜೆ ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಅವಳು ಮನೆಗೆ ಹಿಂದಿರುಗಬಹುದು.